ಮೊದಲ ಹಾಯಿದೋಣಿ, ಅದೂ ಬಳಸಿದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಬಳಸಿದ ಹಾಯಿದೋಣಿಯನ್ನು ಮೊದಲ ಬಾರಿಗೆ ಕೊಳ್ಳಹೊರಟವರಿಂದ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಹಲವರು ಕೇಳಿದ್ದ ಕಡೆ ಅವರ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ವಾರಾಂತ್ಯದ ಹಾಯಿದೋಣಿ ತರಬೇತಿಯೊಂದನ್ನು ಮುಗಿಸಿದ್ದೇನೆ; ಗೆಳೆಯರ ದೋಣಿಯಲ್ಲಿ ಆಗೊಮ್ಮೆ ಈಗೊಮ್ಮೆ ಹೋಗಿದ್ದೂ ಉಂಟು. ಈಗ ಸುಮಾರು 40 ವರ್ಷ ಹಳೆಯದಾದ 34 ಅಡಿಯ ಫೈಬರ್‌ಗ್ಲಾಸ್ ದೋಣಿಯೊಂದು, 24 ಅಡಿಯ ದೋಣಿಗಳಿಗೆ ಕೇಳುವ ಬೆಲೆಗೇ ಸಿಗುವಂತಿದೆ. ಮನೆಯಲ್ಲಿ ನಾಲ್ವರಿದ್ದೇವೆ. ದೊಡ್ಡದನ್ನೇ ಕೊಂಡು ಅದರಲ್ಲೇ ಕಲಿತರೆ ಮತ್ತೆ ದೋಣಿ ಬದಲಿಸುವ ತಾಪತ್ರಯ ತಪ್ಪುವುದಿಲ್ಲವೇ?

ಉತ್ತರ: ತಪ್ಪುವುದಿಲ್ಲ, ದೋಣಿಯನ್ನೇ ಬಿಟ್ಟುಬಿಡುವ ಸಂದರ್ಭ ಬರುವ ಸಂಭವವೇ ಹೆಚ್ಚು. ಒಂದೇ ಬೆಲೆಗೆ ಹತ್ತು ಅಡಿ ಹೆಚ್ಚು ಉದ್ದದ ದೋಣಿ ಸಿಗುತ್ತಿದೆ ಎಂದರೆ ಆ ವ್ಯತ್ಯಾಸವನ್ನು ಯಾರೋ ದಾನ ಮಾಡುತ್ತಿಲ್ಲ; ಮುಂದೆ ಅದಕ್ಕೆ ಹಾಕಬೇಕಾಗಿರುವ ಹಣವನ್ನು ಮಾರುಕಟ್ಟೆ ಈಗಲೇ ಬೆಲೆಯಿಂದ ಕಳೆದಿದೆ ಎಂದು ತಿಳಿಯಬೇಕು. ಬಳಸಿದ ಹಾಯಿದೋಣಿಯ ನಿಜವಾದ ಬೆಲೆ ಮಾರುವವರು ಹೇಳುವ ಮೊತ್ತವಲ್ಲ. ಆ ಮೊತ್ತಕ್ಕೆ, ದೋಣಿಯನ್ನು ನಂಬಿಕೆಯಿಂದ ನೀರಿಗಿಳಿಸಿ ಒಂದು ಋತುವಿನ ಮಟ್ಟಿಗೆ ಓಡಿಸಲು ತಗಲುವ ಎಲ್ಲ ಖರ್ಚನ್ನೂ ಕೂಡಿಸಿದಾಗ ಬರುವುದೇ ಅದರ ಬೆಲೆ. ಈ ಅಂಕಣದ ಉಳಿದ ಉತ್ತರಗಳೂ ಬಹುಪಾಲು ಈ ಲೆಕ್ಕವನ್ನೇ ಹಿಡಿದು ನಡೆಯುತ್ತವೆ.

ಗಾತ್ರದ ವಿಷಯದಲ್ಲಿ ಉದ್ದವನ್ನು ಮಾತ್ರ ನೋಡುವುದು ಮೋಸಗೊಳಿಸುತ್ತದೆ. ಎರಡು ದೋಣಿಗಳ ಆಕಾರ ಒಂದೇ ಎಂದು ಇಟ್ಟುಕೊಂಡರೆ, 24 ಅಡಿಯಿಂದ 34 ಅಡಿಗೆ ಹೋದಾಗ ಹಾಯಿಯ ವಿಸ್ತೀರ್ಣ ಸುಮಾರು ಎರಡು ಪಟ್ಟಾಗುತ್ತದೆ, ತೂಕ ಮೂರು ಪಟ್ಟಿಗೆ ಸಮೀಪಿಸುತ್ತದೆ. ಹಾಯಿ ಎಳೆಯುವ ಹಗ್ಗದ ಮೇಲಿನ ಬಲ, ಲಂಗರಿನ ತೂಕ, ತಳಕ್ಕೆ ಬೇಕಾಗುವ ಬಣ್ಣ, ಕ್ರೇನ್‌ನಿಂದ ಎತ್ತಿಸುವ ಬಾಡಿಗೆ, ಎಲ್ಲವೂ ಅದರ ಹಿಂದೆಯೇ ಏರುತ್ತವೆ. ಗಾಳಿ ಅಡ್ಡಲಾಗಿ ಬೀಸುತ್ತಿರುವಾಗ ಇಕ್ಕಟ್ಟಾದ ಜಾಗಕ್ಕೆ ದೋಣಿಯನ್ನು ತಂದು ಕಟ್ಟುವುದು ಹೊಸಬರಿಗೆ ಸಮುದ್ರದ ಅಲೆಗಿಂತ ಹೆಚ್ಚಿನ ಭಯ ಹುಟ್ಟಿಸುವ ಕೆಲಸ. ಎರಡು ಟನ್ನಿನ ದೋಣಿಯನ್ನು ದಡದಲ್ಲಿ ನಿಂತ ಒಬ್ಬರು ಹಗ್ಗ ಹಿಡಿದು ತಡೆಯಬಹುದು. ಆರು ಟನ್ನಿನ ದೋಣಿ ತಪ್ಪು ಮಾಡಿದವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ದೊಡ್ಡ ದೋಣಿ ಅಲೆಗಳಲ್ಲಿ ಹೆಚ್ಚು ನೆಮ್ಮದಿಯದು, ವೇಗವೂ ಅದಕ್ಕೆ ಹೆಚ್ಚು ಎಂಬುದು ನಿಜವೇ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ, ನೀರನ್ನು ಸೀಳಿ ಸಾಗುವ ಭಾರದ ದೋಣಿಯ ವೇಗದ ಮಿತಿ ನಾಟ್‌ಗಳಲ್ಲಿ, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕದಲ್ಲಿ, ಸಿಗುತ್ತದೆ. ಆ ಲೆಕ್ಕದಲ್ಲಿ 20 ಅಡಿಗೆ 6 ನಾಟ್, 28 ಅಡಿಗೆ 7 ನಾಟ್‌ಗಿಂತ ತುಸು ಹೆಚ್ಚು. ಆ ಒಂದು ನಾಟ್‌ಗಾಗಿ ನೀವು ಕೊಡಬೇಕಾಗಿರುವುದು ಬಹಳ.

ಕಲಿಕೆಗೆ ಚಿಕ್ಕ ದೋಣಿಗಿಂತ ಒಳ್ಳೆಯ ಗುರುವಿಲ್ಲ. ಹಾಯಿಯನ್ನು ತಪ್ಪಾಗಿ ಹೊಂದಿಸಿದರೆ ಚಿಕ್ಕ ದೋಣಿ ತಕ್ಷಣ ವಾಲಿಯೋ ನಿಂತೋ ತಿಳಿಸುತ್ತದೆ. ಭಾರದ ದೋಣಿ ಅದನ್ನು ಸಹಿಸಿಕೊಂಡು ಮುಂದೆ ಸಾಗುವುದರಿಂದ ಕಲಿಯುವವರಿಗೆ ತಪ್ಪು ಗೊತ್ತೇ ಆಗುವುದಿಲ್ಲ. ಒಬ್ಬರೇ ಕಲಿಯುವುದಾದರೆ 4.23 ಮೀಟರ್ ಉದ್ದದ, ಒಂದೇ ಹಾಯಿಯ, ಲೇಸರ್ ಎಂಬ ಮಾದರಿಯಂಥ ಡಿಂಗಿ (ಕ್ಯಾಬಿನ್ ಇಲ್ಲದ ಚಿಕ್ಕ ದೋಣಿ) ಸಾಕು. ಅದು ಇಂದು ಐಎಲ್‌ಸಿಎ ಎಂಬ ಹೆಸರಿನಲ್ಲೂ ದೊರೆಯುತ್ತದೆ. ಮನೆಯವರೊಡನೆ ಕಲಿಯುವುದಾದರೆ ಇಯಾನ್ ಪ್ರಾಕ್ಟರ್ 1957ರಲ್ಲಿ ವಿನ್ಯಾಸಗೊಳಿಸಿದ, 4.82 ಮೀಟರ್ ಉದ್ದದ ವೇಫೇರರ್‌ನಂಥದ್ದನ್ನು ನೋಡಬಹುದು. ಮಲಗಲು ಕ್ಯಾಬಿನ್ ಇರಲೇಬೇಕೆಂದರೆ 22ರಿಂದ 26 ಅಡಿಯೊಳಗೆ, ಬಹಳ ಸಂಖ್ಯೆಯಲ್ಲಿ ತಯಾರಾದ ಮಾದರಿಯನ್ನೇ ಆರಿಸಿಕೊಳ್ಳಿ. 1969ರಲ್ಲಿ ಬಂದ ಕ್ಯಾಟಲಿನಾ 22 ಹದಿನೈದು ಸಾವಿರಕ್ಕೂ ಹೆಚ್ಚು ತಯಾರಾಗಿದೆ. ಅದೇ ಕಾಲದ, ಎರಡು ಕೀಲ್‌ಗಳ (ದೋಣಿಯನ್ನು ನೆಟ್ಟಗಿರಿಸಲು ಅಡಿಯಲ್ಲಿ ತೂಗುವ ಭಾರದ ರೆಕ್ಕೆಗಳ) 26 ಅಡಿಯ ವೆಸ್ಟರ್ಲಿ ಸೆಂಟಾರ್ ಎರಡು ಸಾವಿರವನ್ನು ದಾಟಿದೆ. ಇಂಥವುಗಳ ದೌರ್ಬಲ್ಯ ಎಲ್ಲಿದೆ ಎಂಬುದು ಮಾಲೀಕರ ಬಳಗಕ್ಕೆಲ್ಲ ಗೊತ್ತಿರುತ್ತದೆ, ಬಿಡಿಭಾಗ ಸಿಗುತ್ತದೆ, ಮುಖ್ಯವಾಗಿ ಮರಳಿ ಮಾರಲು ಹೊರಟಾಗ ಕೊಳ್ಳುವವರು ಸಿಗುತ್ತಾರೆ. ಮೊದಲ ದೋಣಿ ಕೊನೆಯ ದೋಣಿಯಾಗುವುದು ಅಪರೂಪ. ಆದ್ದರಿಂದ ಮಾರುವುದು ಸುಲಭವಾಗಿರುವುದನ್ನೇ ಕೊಳ್ಳುವುದು ಲೇಸು.

ಅದಕ್ಕೂ ಮೊದಲು ಇತರರ ದೋಣಿಗಳಲ್ಲಿ ಕೈಯಾಳಾಗಿ ಹೋಗಿ. ಹಾಯಿದೋಣಿ ಕ್ಲಬ್‌ಗಳ ಪಂದ್ಯಗಳಲ್ಲಿ ಹಗ್ಗ ಎಳೆಯಲು ಜನ ಸಾಲದೆ ಹೊಸಬರನ್ನು ಸಂತೋಷದಿಂದ ಕರೆದೊಯ್ಯುವವರು ಇದ್ದೇ ಇರುತ್ತಾರೆ. ಬೇರೆ ಬೇರೆ ದೋಣಿಗಳಲ್ಲಿ ಒಂದು ಋತು ಕಳೆದವರಿಗೆ ತಮಗೆ ಏನು ಬೇಡ ಎಂಬುದು ಸ್ಪಷ್ಟವಾಗಿರುತ್ತದೆ.

ಪ್ರಶ್ನೆ: ವರ್ಷಗಳಿಂದ ದಡದಲ್ಲಿ ನಿಂತಿರುವ 27 ಅಡಿಯ ದೋಣಿಯನ್ನು ಅದರ ಮಾಲೀಕರು ಪುಕ್ಕಟೆಯಾಗಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೈಕೆಲಸ ನನಗೆ ಚೆನ್ನಾಗಿ ಬರುತ್ತದೆ. ಒಪ್ಪಿಕೊಳ್ಳಲೇ?

ಉತ್ತರ: ನಿಮಗೆ ದೋಣಿ ದುರಸ್ತಿ ಮಾಡುವ ಆಸೆಯಿದ್ದರೆ ಒಪ್ಪಿಕೊಳ್ಳಿ, ದೋಣಿ ಓಡಿಸುವ ಆಸೆಯಿದ್ದರೆ ಬೇಡ. ಇವೆರಡೂ ಬೇರೆ ಬೇರೆ ಹವ್ಯಾಸಗಳು, ಎರಡಕ್ಕೂ ಬೇಕಾದ ಬಿಡುವಿನ ವೇಳೆ ಮಾತ್ರ ಒಂದೇ. ಹೊಸ ಹಾಯಿಗಳು, ಹಾಯಿಕಂಬವನ್ನು ನಿಲ್ಲಿಸುವ ತಂತಿಗಳು, ಎಂಜಿನ್, ವಿದ್ಯುತ್ ತಂತಿಗಳ ಜಾಲ, ಇವುಗಳ ಬೆಲೆ ದೋಣಿ ಹಳೆಯದೆಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಈ ನಾಲ್ಕನ್ನೂ ಹಾಕಿಸಿದ ಮೇಲೆ, ಅಷ್ಟೇ ಗಾತ್ರದ, ಈಗಲೇ ಓಡುತ್ತಿರುವ ದೋಣಿಯೊಂದರ ಬೆಲೆಯನ್ನು ನೀವು ದಾಟಿರುತ್ತೀರಿ. ಮಾರಲು ಹೋದರೆ ಆ ಹಣ ಹಿಂದಿರುಗುವುದೂ ಇಲ್ಲ.

ಪುಕ್ಕಟೆ ದೋಣಿಗೆ ಇನ್ನೊಂದು ಮುಖವಿದೆ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಕರಗಿಸಿ ಮತ್ತೆ ಬಳಸಲೂ ಬರುವುದಿಲ್ಲ. ಬೇಡವಾದ ದೋಣಿಯನ್ನು ಕತ್ತರಿಸಿ ಸಾಗಿಸಲು ಸಾಕಷ್ಟು ಹಣ ತೆರಬೇಕಾಗುತ್ತದೆ, ಹಾಗೂ ಅದನ್ನು ತೆರಬೇಕಾದವರು ಕಾಗದಪತ್ರದಲ್ಲಿ ಯಾರ ಹೆಸರಿದೆಯೋ ಅವರು. ಇಂದಿನ ಮಾಲೀಕರ ಔದಾರ್ಯಕ್ಕೆ ಇದೂ ಒಂದು ಕಾರಣವಾಗಿರಬಹುದು. ನಿಂತ ಜಾಗದ ಬಾಡಿಗೆ ಬಾಕಿ ಇದೆಯೇ ಎಂಬುದನ್ನಂತೂ ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ದೋಣಿಯನ್ನು ಪರೀಕ್ಷಿಸಿ ವರದಿ ಬರೆದುಕೊಡುವ ಪರಿಣತ ಸರ್ವೇಯರ್‌ಗೆ ಹಣ ಕೊಟ್ಟು ಕರೆಸುವ ಮೊದಲು, ನೋಡಿದ ದೋಣಿಗಳಲ್ಲಿ ಯಾವುದನ್ನು ಕೈಬಿಡಬೇಕು ಎಂದು ನಾವೇ ತೀರ್ಮಾನಿಸುವಂತಾಗಬೇಕು. ಏನನ್ನು, ಹೇಗೆ ನೋಡಬೇಕು? (ಇದನ್ನು ಹಲವು ಓದುಗರು ಕೇಳಿದ್ದಾರೆ.)

ಉತ್ತರ: ಪ್ರಕಾಶಮಾನವಾದ ಟಾರ್ಚ್, ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆ, ಹಿಡಿಯುಳ್ಳ ಪುಟ್ಟ ಕನ್ನಡಿ, ಕೊಳೆಯಾದರೂ ಚಿಂತೆಯಿಲ್ಲದ ಬಟ್ಟೆ, ಇಷ್ಟಿದ್ದರೆ ಸಾಕು. ಮಳೆ ಬಂದ ಮರುದಿನ ಹೋಗುವುದು ಒಳ್ಳೆಯದು. ಸೋರುವ ಜಾಗಗಳನ್ನು ಮಳೆಯೇ ತೋರಿಸಿಕೊಟ್ಟಿರುತ್ತದೆ. ದೋಣಿ ದಡದ ಮೇಲಿದ್ದರೆ ತಳದಿಂದ ಆರಂಭಿಸಿ.

ಹೊಸಬರು ಅತಿಯಾಗಿ ಹೆದರುವುದು ತಳದ ಮೇಲೆ ಎದ್ದಿರುವ ಬೊಬ್ಬೆಗಳಿಗೆ. ಫೈಬರ್‌ಗ್ಲಾಸ್‌ನ ಹೊರಪದರವಾದ ಜೆಲ್‌ಕೋಟ್‌ನ ಮೂಲಕ ನೀರು ನಿಧಾನವಾಗಿ ಒಳಹೋಗಿ, ರಾಳದಲ್ಲಿ ಉಳಿದ ವಸ್ತುಗಳನ್ನು ಕರಗಿಸಿ, ಆಮ್ಲೀಯ ದ್ರವವಾಗುತ್ತದೆ; ಆ ದ್ರವ ಮತ್ತಷ್ಟು ನೀರನ್ನು ಸೆಳೆದುಕೊಂಡು ಒತ್ತಡ ಏರಿದಾಗ ಪದರ ಉಬ್ಬುತ್ತದೆ. ಒಡೆದರೆ ವಿನೆಗರ್‌ನಂಥ ಹುಳಿ ವಾಸನೆ ಬರುತ್ತದೆ. ಅಲ್ಲಲ್ಲಿ ಕೆಲವು ಬೊಬ್ಬೆಗಳಿಂದ ದೋಣಿ ಮುಳುಗುವುದಿಲ್ಲ. ಅವು ಬೆಲೆ ಇಳಿಸಲು ಒಳ್ಳೆಯ ನೆಪ. ತಳವೆಲ್ಲ ಒತ್ತೊತ್ತಾಗಿ ಎದ್ದಿದ್ದರೆ ಮಾತ್ರ ಪದರವನ್ನು ಕೆರೆದು ತೆಗೆದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಬಳಿಸುವ ದೊಡ್ಡ ಕೆಲಸವಿದೆ ಎಂದು ತಿಳಿಯಬೇಕು.

ನಿಜವಾಗಿ ಹೆದರಬೇಕಾಗಿರುವುದು ಕೀಲ್ ಒಡಲಿಗೆ ಸೇರುವ ಗೆರೆಯಲ್ಲಿ. ದೋಣಿಯ ಅಡಿಯಲ್ಲಿ ತೂಗುವ ಸೀಸದ ಅಥವಾ ಎರಕದ ಕಬ್ಬಿಣದ ಆ ಭಾರ ಬಹಳಷ್ಟು ದೋಣಿಗಳಲ್ಲಿ ಬೋಲ್ಟ್‌ಗಳಿಂದ ಬಿಗಿಯಲ್ಪಟ್ಟಿರುತ್ತದೆ. ಆ ಕೂಡುಗೆರೆಯ ಮುಂಭಾಗದಲ್ಲಿ ಬಿರುಕು ಬಾಯ್ತೆರೆದಿದ್ದರೆ, ಅಲ್ಲಿಂದ ತುಕ್ಕಿನ ನೀರು ಇಳಿದ ಕಲೆಯಿದ್ದರೆ, ಅಥವಾ ಕೀಲ್‌ನ ಹಿಂದಿನ ತುದಿಗೆ ಸರಿಯಾಗಿ ಮೇಲೆ, ಒಡಲಿನೊಳಗೆ ಅಡ್ಡಪಟ್ಟಿಗಳು ಸೀಳಿದ್ದರೆ, ಆ ದೋಣಿ ಯಾವಾಗಲೋ ಬಂಡೆಗೆ ಜೋರಾಗಿ ಬಡಿದಿದೆ ಎಂದು ಶಂಕಿಸಬೇಕು. ಮಾರುವವರನ್ನು ನೇರವಾಗಿ ಕೇಳಿ. 2014ರ ಮೇ ತಿಂಗಳಲ್ಲಿ ಚೀಕಿ ರಫೀಕಿ ಎಂಬ 40 ಅಡಿಯ ದೋಣಿ ಅಟ್ಲಾಂಟಿಕ್ ಸಾಗರದಲ್ಲಿ ಕೀಲ್ ಕಳಚಿ ಮಗುಚಿಕೊಂಡಿತು. ಅದರಲ್ಲಿದ್ದ ನಾಲ್ವರೂ ಬದುಕುಳಿಯಲಿಲ್ಲ. ಹಿಂದೆ ಹಲವು ಸಲ ನೆಲಕ್ಕೆ ತಾಗಿದ್ದು ಮತ್ತು ಅನಂತರ ನಡೆದ ದುರಸ್ತಿಗಳು ಸೇರಿ ಕೀಲ್ ಕೂಡುವ ಭಾಗವನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆಯ ವರದಿ ಹೇಳಿತು. ಕೂಡುಗೆರೆಯ ಮೇಲೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ನಾನಾದರೋ ಅಲ್ಲಿಂದಲೇ ಹಿಂದಿರುಗುತ್ತೇನೆ. ಮಡಚುವ ಕೀಲ್ ಇರುವ ಚಿಕ್ಕ ದೋಣಿಗಳಲ್ಲಿ, ಅದು ತಿರುಗುವ ಗುಂಡು ಪಿನ್ ಮತ್ತು ಅದನ್ನು ಎತ್ತುವ ಉಕ್ಕಿನ ತಂತಿ ಸವೆದಿವೆಯೇ ಎಂದು ನೋಡಬೇಕು. ಚುಕ್ಕಾಣಿಯನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿ; ಕಟಕಟ ಎಂದರೆ ಬೇರಿಂಗ್ ಸವೆದಿದೆ, ದಡಕ್ಕೆತ್ತಿ ದಿನಗಳಾದರೂ ಅದರ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗೆ ನೀರು ಸೇರಿದೆ.

ಇನ್ನು ಡೆಕ್, ಅಂದರೆ ಒಡಲನ್ನು ಮುಚ್ಚಿರುವ, ನಾವು ನಡೆದಾಡುವ ಮೇಲ್ಭಾಗ. ಹೊಸಬರು ಇದಕ್ಕೆ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ; ನನ್ನ ಅನುಭವದಲ್ಲಿ ಹಳೆಯ ದೋಣಿಗಳನ್ನು ಹಾಳುಮಾಡುವುದು ಹೆಚ್ಚಾಗಿ ಇದೇ. ತೂಕ ಕಡಿಮೆಯಾಗಲೆಂದು ಬಹುತೇಕ ದೋಣಿಗಳ ಡೆಕ್ ಅನ್ನು ಎರಡು ತೆಳುವಾದ ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರವನ್ನೋ ಫೋಮ್ ಅನ್ನೋ ಇಟ್ಟು ಕಟ್ಟಿರುತ್ತಾರೆ. ಕಂಬಿ, ಹಗ್ಗ ಸುತ್ತಿ ಬಿಗಿಯುವ ವಿಂಚ್, ಹಗ್ಗ ಕಟ್ಟುವ ಗೂಟ, ಹೀಗೆ ಡೆಕ್‌ಗೆ ತೂತು ಹೊಡೆದು ಕೂರಿಸಿದ ಪ್ರತಿಯೊಂದು ವಸ್ತುವಿನ ಸುತ್ತಲಿನ ಮೇಣ ಕಾಲಕ್ರಮೇಣ ಬಿರಿಯುತ್ತದೆ. ಅಲ್ಲಿಂದ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಬಾಲ್ಸಾ ಕೊಳೆತು ಮುದ್ದೆಯಾಗುತ್ತದೆ. ಡೆಕ್ ಮೇಲೆ ನಿಧಾನವಾಗಿ, ಪಾದದ ಅಡಿಯಲ್ಲಿ ಏನಾಗುತ್ತಿದೆ ಎಂದು ಗಮನಿಸುತ್ತಾ ನಡೆಯಿರಿ. ಎಲ್ಲಿಯಾದರೂ ಮೆತ್ತಗೆ ಕುಸಿದಂತಾದರೆ ಗುರುತು ಹಾಕಿಕೊಳ್ಳಿ. ಆಮೇಲೆ ಸುತ್ತಿಗೆಯಿಂದ ಅಂಗೈಯಗಲಕ್ಕೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿಯಾದ ಜಾಗ ಟಕ್ ಎಂದು ಸ್ಪಷ್ಟವಾಗಿ ನುಡಿಯುತ್ತದೆ, ಒಳಗೆ ಹಾಳಾದ ಜಾಗ ದಬ್ ಎನ್ನುತ್ತದೆ. ತೆಂಗಿನಕಾಯಿ ಕೊಳ್ಳುವಾಗ ತಟ್ಟಿ ನೋಡಿ ಪಳಗಿದ ಕಿವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೆರಡು ಅಂಗೈಯಗಲದ ಜಾಗವನ್ನು ಸರಿಪಡಿಸಿಕೊಳ್ಳಬಹುದು. ಹಾಯಿಕಂಬದ ಬುಡದ ಸುತ್ತಲೂ ದಬ್ ಎಂದರೆ ಆ ದೋಣಿಯನ್ನು ಬಿಡಿ, ಏಕೆಂದರೆ ಕಂಬದ ಒತ್ತಡವೆಲ್ಲ ಇಳಿಯುವುದು ಅಲ್ಲಿಯೇ.

ಹಾಯಿಕಂಬವನ್ನು ಸುತ್ತಲಿಂದ ಎಳೆದು ನಿಲ್ಲಿಸಿರುವ ಸ್ಟೇನ್‌ಲೆಸ್ ಉಕ್ಕಿನ ತಂತಿಗಳನ್ನು ಕಡೆಯ ಬಾರಿ ಯಾವಾಗ ಬದಲಿಸಲಾಯಿತು ಎಂದು ಕೇಳಿ, ರಸೀದಿಯನ್ನೂ ಕೇಳಿ. ಸಾಮಾನ್ಯವಾಗಿ ಅವುಗಳ ಆಯುಷ್ಯ 10ರಿಂದ 15 ವರ್ಷ ಎಂದು ಲೆಕ್ಕ. ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಭಾವಿಸಿ ಖರ್ಚಿಗೆ ಸೇರಿಸಿಕೊಳ್ಳಿ. ತಂತಿಯು ಅದರ ತುದಿಯನ್ನು ಹಿಡಿದಿರುವ ಲೋಹದ ಟರ್ಮಿನಲ್‌ನೊಳಗೆ ಹೊಗುವ ಜಾಗದಲ್ಲಿ ಒಂದೇ ಒಂದು ಎಳೆ ಮುರಿದು ಹೊರಚಾಚಿದ್ದರೂ ಆ ತಂತಿಯ ಕಾಲ ಮುಗಿದಿದೆ. ತಂತಿಗಳನ್ನು ಡೆಕ್ ದಾಟಿಸಿ ಒಡಲಿಗೆ ಸೇರಿಸುವ ಲೋಹದ ಪಟ್ಟಿಗಳಾದ ಚೈನ್‌ಪ್ಲೇಟ್‌ಗಳು ಇನ್ನೂ ಕಪಟಿಗಳು: ಸ್ಟೇನ್‌ಲೆಸ್ ಉಕ್ಕಿಗೆ ಹೊಳಪು ಉಳಿಯಬೇಕಾದರೆ ಆಮ್ಲಜನಕ ಬೇಕು, ಡೆಕ್‌ನ ಒದ್ದೆ ಸಂದಿಯೊಳಗೆ ಅದು ಸಿಗದೆ ಕಣ್ಣಿಗೆ ಕಾಣದ ಕಡೆ ಸವೆದುಹೋಗುತ್ತದೆ. ಒಳಗಿನಿಂದ ಕನ್ನಡಿ ಹಿಡಿದು ನೋಡಿ. ಅವುಗಳ ಕೆಳಗಿನ ಮರದ ಮೇಲೆ ಕಂದು ಕಲೆ ಇಳಿದಿದ್ದರೆ ನೀರು ಬರುತ್ತಿದೆ.

ಹಾಯಿಗಳನ್ನು ಚೀಲದಲ್ಲೇ ಬಿಟ್ಟು ಮುಂದೆ ಹೋಗಬೇಡಿ, ಹರವಿ ನೋಡಿ. ಹಾಯಿಗೆ ಬಳಸುವ ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ಹೊಸತರಲ್ಲಿ ಗರಿಗರಿಯಾಗಿದ್ದು, ಹಳೆಯದಾದಂತೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಬಟ್ಟೆಗಿಂತ ಮೊದಲು ಬಿಸಿಲಿಗೆ ಸೋಲುವುದು ಹೊಲಿಗೆಯ ದಾರ. ಉಗುರಿನಿಂದ ಹೊಲಿಗೆಯನ್ನು ಕೆರೆದಾಗ ದಾರ ಕಿತ್ತು ಬಂದರೆ ಮರುಹೊಲಿಗೆಯಂತೂ ಖಚಿತ. ಜೋಲುಬಿದ್ದ ಹಾಯಿಯಲ್ಲಿ ದೋಣಿ ಓಡುತ್ತದೆ, ಗಾಳಿಗೆ ಎದುರಾಗಿ ಮಾತ್ರ ಚೆನ್ನಾಗಿ ಏರುವುದಿಲ್ಲ. ಕಲಿಯುವವರಿಗೆ ಒಂದು ವರ್ಷ ಅದು ಸಾಕು.

ಒಳಗಿಳಿದ ಕೂಡಲೇ ವಾಸನೆಯನ್ನು ಗಮನಿಸಿ. ಎಲ್ಲ ಹಲಗೆಗಳನ್ನೂ ಎತ್ತಿಸಿ, ಒಡಲಿನ ತೀರಾ ತಳಭಾಗವಾದ ಬಿಲ್ಜ್‌ನಲ್ಲಿ ನಿಂತ ನೀರು ಉಪ್ಪೋ ಸಿಹಿಯೋ, ಎಣ್ಣೆ ತೇಲುತ್ತಿದೆಯೋ ತಿಳಿದುಕೊಳ್ಳಿ. ಸಿಹಿನೀರಾದರೆ ಬಹುಶಃ ಮಳೆ ಡೆಕ್‌ನಿಂದ ಸೋರಿದೆ ಅಥವಾ ಕುಡಿಯುವ ನೀರಿನ ತೊಟ್ಟಿ ಒಸರುತ್ತಿದೆ, ಉಪ್ಪಾದರೆ ತಳದಲ್ಲೆಲ್ಲೋ ಹುಡುಕಬೇಕು. ಒಡಲಿನಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಕೊರೆದ ಪ್ರತಿ ತೂತಿಗೂ ಸೀಕಾಕ್ ಎಂಬ ಕವಾಟವಿರುತ್ತದೆ. ಪ್ರತಿಯೊಂದೂ ಕೈಯಿಂದ ತಿರುಗಬೇಕು. ಕಂಚಿನ ಕವಾಟ ಬಹುಕಾಲ ಬಾಳುತ್ತದೆ. ಸಾಧಾರಣ ಹಿತ್ತಾಳೆಯದು ಉಪ್ಪುನೀರಿನಲ್ಲಿ ಸತುವನ್ನು ಕಳೆದುಕೊಂಡು, ಗುಲಾಬಿ ಬಣ್ಣಕ್ಕೆ ತಿರುಗಿ, ಒಂದು ದಿನ ಹಿಡಿದೆಳೆದರೆ ಕೈಗೇ ಬರುತ್ತದೆ. ಕುಶನ್‌ಗಳ ಬಣ್ಣ ಮಾಸಿದ್ದು, ಮರದ ಹೊಳಪು ಹೋದದ್ದು, ಅಡುಗೆ ಒಲೆ ಹಳತಾದದ್ದು, ಇವು ಲೆಕ್ಕಕ್ಕಿಲ್ಲ. ದುರದೃಷ್ಟವಶಾತ್ ಬಹಳ ಜನ ದೋಣಿ ಕೊಳ್ಳುವುದು ಅಥವಾ ಬಿಡುವುದು ಇವನ್ನು ನೋಡಿಯೇ.

ಪ್ರಶ್ನೆ: ಮಾರುವವರ ಬಳಿ ನಾಲ್ಕು ವರ್ಷ ಹಿಂದಿನ ಸರ್ವೇ ವರದಿ ಇದೆ, ಇನ್ನೊಂದು ಏಕೆ, ಇದನ್ನೇ ನೋಡಿ ಎನ್ನುತ್ತಾರೆ.

ಉತ್ತರ: ಓದಿ, ಆದರೆ ಅದನ್ನು ನಂಬಿ ಹಣ ಕೊಡಬೇಡಿ. ಸರ್ವೇ ಎನ್ನುವುದು ಆ ದಿನ ದೋಣಿ ಹೇಗಿತ್ತು ಎಂಬುದರ ದಾಖಲೆ; ಸರ್ವೇಯರ್ ಉತ್ತರದಾಯಿಯಾಗಿರುವುದೂ ಹಣ ಕೊಟ್ಟು ಬರೆಸಿಕೊಂಡವರಿಗೆ. ಹಳೆಯ ವರದಿಯಿಂದ ಒಂದು ಲಾಭ ಮಾತ್ರ ಇದೆ: ಅದರಲ್ಲಿ ತುರ್ತಾಗಿ ಮಾಡಬೇಕೆಂದು ಬರೆದಿದ್ದ ಕೆಲಸಗಳು ನಾಲ್ಕು ವರ್ಷಗಳಲ್ಲಿ ಆಗಿವೆಯೇ ಎಂದು ನೋಡಿದರೆ, ಮಾಲೀಕರು ದೋಣಿಯನ್ನು ಹೇಗೆ ನೋಡಿಕೊಂಡಿದ್ದಾರೆ ಎಂಬುದು ಅವರನ್ನು ಕೇಳದೆಯೇ ತಿಳಿಯುತ್ತದೆ.

ಸರಿಯಾದ ಕ್ರಮವೆಂದರೆ, ಬೆಲೆ ಒಪ್ಪಿದ ಮೇಲೆ, ಸರ್ವೇ ಮತ್ತು ನೀರಿನ ಮೇಲಿನ ಪರೀಕ್ಷೆ ತೃಪ್ತಿಕರವಾಗಿದ್ದರೆ ಮಾತ್ರ ವ್ಯಾಪಾರ ಎಂದು ಬರೆದು ಸಹಿ ಮಾಡಿಸಿ, ಮುಂಗಡ ಕೊಡುವುದು. ದೋಷ ಕಂಡರೆ ಮುಂಗಡ ಹಿಂದಿರುಗುವುದೋ, ಬೆಲೆ ಇಳಿಯುವುದೋ ಎಂಬುದನ್ನು ಆ ಕಾಗದದಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಸರ್ವೇಯರ್‌ರನ್ನು ನೀವೇ ಹುಡುಕಿ. ಮಾರುವವರೋ ದಲ್ಲಾಳಿಯೋ ಸೂಚಿಸಿದವರು ಪ್ರಾಮಾಣಿಕರೇ ಆಗಿರಬಹುದು, ಆದರೂ ಬೇಡ. ದೋಣಿಯನ್ನು ನೀರಿನಿಂದ ಎತ್ತಿಸಿಯೇ ನೋಡಿಸಬೇಕು, ಆ ಖರ್ಚು ಸಾಮಾನ್ಯವಾಗಿ ಕೊಳ್ಳುವವರದು. ಸಾಧ್ಯವಾದರೆ ಆ ದಿನ ನೀವೂ ಜೊತೆಗಿರಿ. ಲಿಖಿತ ವರದಿ ಎಚ್ಚರಿಕೆಯ ಭಾಷೆಯಲ್ಲಿರುತ್ತದೆ. ನೀವಾದರೆ ಇದನ್ನು ಕೊಳ್ಳುತ್ತೀರಾ ಎಂದು ದೋಣಿಯ ಪಕ್ಕದಲ್ಲೇ ಕೇಳಿದಾಗ ಸಿಗುವ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಡಿಂಗಿಯಂಥ ಚಿಕ್ಕ ದೋಣಿಗೆ ಇದೆಲ್ಲ ಬೇಕಿಲ್ಲ, ಅನುಭವಿಯೊಬ್ಬರು ಜೊತೆಗೆ ಬಂದರೆ ಸಾಕು.

ಪ್ರಶ್ನೆ: ಒಂದೇ ಮಾದರಿಯ ಎರಡು 25 ಅಡಿಯ ದೋಣಿಗಳನ್ನು ನೋಡಿದ್ದೇವೆ. ಒಂದರಲ್ಲಿ ಒಳಗೆ ಕೂರಿಸಿದ ಹಳೆಯ ಡೀಸೆಲ್ ಎಂಜಿನ್ ಇದೆ, ಇನ್ನೊಂದರಲ್ಲಿ ಹಿಂಬದಿಗೆ ತಗುಲಿಸಿದ ಔಟ್‌ಬೋರ್ಡ್ ಇದೆ. ಯಾವುದು ಒಳ್ಳೆಯದು?

ಉತ್ತರ: ಆಶ್ರಯವಿರುವ ನೀರಿನಲ್ಲಿ, ಈ ಗಾತ್ರದಲ್ಲಿ, ಮೊದಲ ದೋಣಿಗೆ ನಾನು ಔಟ್‌ಬೋರ್ಡ್ ಇರುವುದನ್ನೇ ಆರಿಸುತ್ತೇನೆ. ಅದು ಕೆಟ್ಟರೆ ಬಿಚ್ಚಿ ಮೆಕ್ಯಾನಿಕ್ ಬಳಿಗೆ ಒಯ್ಯಬಹುದು, ತೀರಾ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಹಳೆಯ ಡೀಸೆಲ್ ಎಂಜಿನ್ನನ್ನು ಬದಲಿಸುವ ಖರ್ಚು ಈ ಗಾತ್ರದ ದೋಣಿಯ ಬೆಲೆಯನ್ನೇ ಮೀರಬಹುದು. ಔಟ್‌ಬೋರ್ಡ್‌ನ ಕೊರತೆ ಅಲೆಗಳಲ್ಲಿ ಗೊತ್ತಾಗುತ್ತದೆ: ದೋಣಿಯ ಹಿಂಬದಿ ಮೇಲೆದ್ದಾಗಲೆಲ್ಲ ಪ್ರೊಪೆಲರ್ ನೀರು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ತೆರೆದ ಸಮುದ್ರದ ತೀರದಲ್ಲಿ, ಜೋರಾದ ಹರಿವಿನ ವಿರುದ್ಧ ಬಂದರು ಸೇರಬೇಕಾದ ಕಡೆ ಡೀಸೆಲ್‌ಗೆ ಸಾಟಿಯಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಸೇರಿಕೊಂಡು ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು ಎಂಬುದನ್ನು ಮರೆಯದೆ, ಔಟ್‌ಬೋರ್ಡ್‌ನ ಟ್ಯಾಂಕ್ ಅನ್ನು ಗಾಳಿಯಾಡುವ, ನೀರು ಹೊರಕ್ಕೆ ಹರಿದುಹೋಗುವ ಪ್ರತ್ಯೇಕ ಖಾನೆಯಲ್ಲೇ ಇಡಬೇಕು. ಅಡುಗೆ ಅನಿಲದ ಸಿಲಿಂಡರ್‌ಗೂ ಇದೇ ನಿಯಮ.

ಡೀಸೆಲ್ ದೋಣಿಯತ್ತಲೇ ಮನಸ್ಸಿದ್ದರೆ ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿಸಿ. ನೀವು ತಲುಪುವ ಹೊತ್ತಿಗೆ ಅದು ಬೆಚ್ಚಗಾಗಿದ್ದರೆ ಏಕೆಂದು ಕೇಳಿ, ಇನ್ನೊಂದು ದಿನ ಹೇಳದೆ ಹೋಗಿ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಅಥವಾ ಎಂಜಿನ್ ಮೇಲೆ ಹೊರೆ ಹೆಚ್ಚಾಗಿದೆ. ಬಿಳಿ ಹೊಗೆ ಬೆಚ್ಚಗಾದ ಮೇಲೂ ನಿಲ್ಲದಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಸೇರುತ್ತಿದೆ. ಹೊಗೆಕೊಳವೆಯಿಂದ ತಂಪುಗೊಳಿಸುವ ನೀರು ಬಿಟ್ಟುಬಿಟ್ಟು, ಧಾರಾಳವಾಗಿ ಹೊರಚಿಮ್ಮಬೇಕು. ಆಮೇಲೆ ನೀರಿನ ಮೇಲೆ ಪೂರ್ತಿ ವೇಗದಲ್ಲಿ ಕಾಲು ಗಂಟೆಯಾದರೂ ಓಡಿಸಿ ಬಿಸಿ ಏರುತ್ತದೆಯೇ ನೋಡಬೇಕು. ದಡಕ್ಕೆ ಕಟ್ಟಿದ ದೋಣಿಯಲ್ಲಿ ಸದ್ದು ಕೇಳಿ ತೃಪ್ತರಾಗುವುದು ಪರೀಕ್ಷೆಯಲ್ಲ. ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲರ್‌ಗೆ ಒಯ್ಯಲು ಒಡಲಿನ ತಳವನ್ನು ಹಾಯ್ದು ನೇರವಾಗಿ ಕೆಳಗಿಳಿಯುವ ಸೈಲ್‌ಡ್ರೈವ್ ಇದ್ದರೆ, ನೀರನ್ನು ತಡೆಯುವ ಅದರ ರಬ್ಬರ್ ಪದರವನ್ನು ಯಾವಾಗ ಬದಲಿಸಿದ್ದೆಂದು ಕೇಳಿ. ಎಂಜಿನ್ ತಯಾರಕ ಕಂಪನಿ ವೋಲ್ವೋ ಪೆಂಟಾ ತನ್ನ ಸೈಲ್‌ಡ್ರೈವ್‌ಗಳಿಗೆ ಏಳು ವರ್ಷ ಎಂದು ಹೇಳುತ್ತದೆ.

ಪ್ರಶ್ನೆ: ಕಾಗದಪತ್ರಗಳಲ್ಲಿ ಏನನ್ನು ನೋಡಬೇಕು?

ಉತ್ತರ: ಮಾರುತ್ತಿರುವವರಿಗೆ ಮಾರುವ ಹಕ್ಕಿದೆಯೇ ಎಂಬುದನ್ನು ಮೊದಲು ನೋಡಬೇಕು. ಜಂಟಿ ಮಾಲೀಕರಿದ್ದರೆ ಎಲ್ಲರ ಸಹಿಯೂ ಬೇಕು. ಹಿಂದಿನ ಮಾಲೀಕರಿಂದ ಇವರಿಗೆ ಬಂದ ಮಾರಾಟಪತ್ರ, ಅದಕ್ಕೂ ಹಿಂದಿನದು, ಹೀಗೆ ಸರಪಳಿ ಎಷ್ಟು ಹಿಂದಕ್ಕೆ ಸಿಗುತ್ತದೋ ಅಷ್ಟು ಒಳ್ಳೆಯದು. ದೋಣಿಯ ಮೇಲೆ ಸಾಲ, ರಿಪೇರಿಯ ಬಾಕಿ, ನಿಲುಗಡೆ ಬಾಡಿಗೆಯ ಬಾಕಿ ಉಂಟೇ ಎಂದು ನೋಂದಣಿ ಕಚೇರಿಯಲ್ಲೂ ದೋಣಿ ನಿಲ್ಲಿಸುವ ಮರೀನಾದಲ್ಲೂ ವಿಚಾರಿಸಿ. ಅನೇಕ ದೇಶಗಳಲ್ಲಿ ಇಂಥ ಋಣ ಮಾಲೀಕರನ್ನು ಬಿಟ್ಟು ದೋಣಿಯನ್ನೇ ಹಿಂಬಾಲಿಸುತ್ತದೆ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಈಚೆಗೆ ತಯಾರಾದ ದೋಣಿಗಳ ಹಿಂಬದಿಯಲ್ಲಿ, ಬಲಪಕ್ಕದ ಮೇಲ್ಭಾಗದಲ್ಲಿ, 12 ಅಕ್ಷರ ಮತ್ತು ಅಂಕೆಗಳ ಒಡಲು ಗುರುತು ಸಂಖ್ಯೆ ಇರುತ್ತದೆ. ಕಾಗದದ ಮೇಲಿನ ಸಂಖ್ಯೆ ಅದಕ್ಕೆ ಹೊಂದದಿದ್ದರೆ, ಅಥವಾ ಅದನ್ನು ಕೆರೆದಂತೆ ಕಂಡರೆ, ಮಾತು ಮುಂದುವರಿಸುವ ಅಗತ್ಯವಿಲ್ಲ.

ಯುರೋಪಿನಲ್ಲಿ 1998ರ ಮಧ್ಯಭಾಗದಿಂದ ಮಾರಾಟಕ್ಕೆ ಬಂದ ದೋಣಿಗಳಲ್ಲಿ ಅಲ್ಲಿನ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಎಂಬ ಸಿಇ ಗುರುತಿನೊಡನೆ, ಎ (A) ಇಂದ ಡಿ (D) ವರೆಗಿನ ವರ್ಗವೊಂದನ್ನು ನಮೂದಿಸಿರುತ್ತಾರೆ. ಬಿ ವರ್ಗ ಎಂದರೆ ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ 8ನೇ ಬಲದವರೆಗಿನ ಗಾಳಿ ಮತ್ತು 4 ಮೀಟರ್‌ವರೆಗಿನ ಅಲೆ, ಸಿ ಎಂದರೆ 6ನೇ ಬಲ ಮತ್ತು 2 ಮೀಟರ್. ಇದು ದೋಣಿಯ ವಿನ್ಯಾಸಕ್ಕೆ ಕೊಟ್ಟ ಅಂಕ, ಅದರ ಇಂದಿನ ಸ್ಥಿತಿಗೂ ಓಡಿಸುವವರ ಯೋಗ್ಯತೆಗೂ ಅಲ್ಲ.

ಪ್ರಶ್ನೆ: ಕೊಂಡ ಬೆಲೆಯ ಶೇಕಡಾ 10ರಷ್ಟನ್ನು ವರ್ಷದ ಖರ್ಚಿಗೆ ಇಟ್ಟುಕೊಂಡರೆ ಸಾಕು ಎಂದು ಕೇಳಿದ್ದೇವೆ. ನಿಜವೇ?

ಉತ್ತರ: ಹೊಸ ದೋಣಿಗೆ ಆ ಲೆಕ್ಕ ಒಂದು ಅಂದಾಜಾಗಿ ನಡೆಯುತ್ತದೆ, ಅಗ್ಗಕ್ಕೆ ಸಿಕ್ಕ ಹಳೆಯ ದೋಣಿಗೆ ಅದು ಪೂರ್ತಿ ದಾರಿ ತಪ್ಪಿಸುತ್ತದೆ. ಮರೀನಾದವರು ಬಾಡಿಗೆ ಹಾಕುವುದು ದೋಣಿಯ ಉದ್ದಕ್ಕೆ, ಬಣ್ಣದ ಡಬ್ಬಗಳು ಖರ್ಚಾಗುವುದು ತಳದ ವಿಸ್ತೀರ್ಣಕ್ಕೆ, ಕ್ರೇನ್‌ನವರು ನೋಡುವುದು ತೂಕವನ್ನು; ನೀವು ಎಷ್ಟು ಕೊಟ್ಟು ಕೊಂಡಿರಿ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಬೆಲೆಯನ್ನು ಬದಿಗಿಟ್ಟು, ನಿಲುಗಡೆ, ವಿಮೆ, ವರ್ಷಕ್ಕೊಮ್ಮೆ ಎತ್ತಿಸಿ ತಳಕ್ಕೆ ಬಣ್ಣ ಬಳಿಸುವುದು, ಇತರ ಲೋಹದ ಭಾಗಗಳ ಬದಲು ತಾವೇ ಸವೆಯಲೆಂದು ತಗುಲಿಸಿದ ಸತುವಿನ ತುಂಡುಗಳ ಬದಲಾವಣೆ, ಎಂಜಿನ್ ಸೇವೆ, ಇವುಗಳಿಗೆ ನೀವು ದೋಣಿ ಇಡಲಿರುವ ಜಾಗದಲ್ಲೇ ದರ ಕೇಳಿ ಬರೆದುಕೊಳ್ಳಿ. ಅದಕ್ಕೆ ತಂತಿ, ಹಾಯಿ, ಎಂಜಿನ್‌ಗಳ ಮುಂದಿನ ಬದಲಾವಣೆಯ ವೆಚ್ಚವನ್ನು ಅವುಗಳ ಉಳಿದ ಆಯುಷ್ಯದ ವರ್ಷಗಳಿಂದ ಭಾಗಿಸಿ ಸೇರಿಸಿ. ತುಸು ಹಳೆಯದಾದ ದೋಣಿಗೆ ಹೊಸ ಸರ್ವೇ ಇಲ್ಲದೆ ವಿಮೆ ಕೊಡದ ಕಂಪನಿಗಳು ಬಹಳ. ವಿಮೆ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕು, ಏಕೆಂದರೆ ವಿಮೆಯಿಲ್ಲದ ದೋಣಿಗೆ ಅನೇಕ ಮರೀನಾಗಳು ಜಾಗ ಕೊಡುವುದಿಲ್ಲ.

ಈ ಖರ್ಚಿನಲ್ಲಿ ದೊಡ್ಡ ಪಾಲನ್ನು ಒಂದೇ ಏಟಿಗೆ ತಪ್ಪಿಸುವ ದಾರಿ ಟ್ರೇಲರ್ ಮೇಲೆ ಮನೆಗೆ ತರಬಹುದಾದ ದೋಣಿ. ಆಗ ಟ್ರೇಲರ್‌ನ ಟೈರು ಮತ್ತು ಬೇರಿಂಗ್‌ಗಳನ್ನೂ ದೋಣಿಯಷ್ಟೇ ಎಚ್ಚರದಿಂದ ನೋಡಿ ಕೊಳ್ಳಬೇಕು. ಉಪ್ಪುನೀರಿನಲ್ಲಿ ಮುಳುಗೇಳುವ ಬೇರಿಂಗ್ ಹೆದ್ದಾರಿಯ ನಡುವೆ ಕೈಕೊಡುವುದು ವಿರಳವೇನಲ್ಲ.

ಪ್ರಶ್ನೆ: ಚುಕ್ಕಾಣಿಗೆ ಚಕ್ರವಿರುವುದು ಒಳ್ಳೆಯದೋ, ಹಿಡಿಗೋಲು ಇರುವುದೋ?

ಉತ್ತರ: 30 ಅಡಿಯೊಳಗಿನ ದೋಣಿಗೆ ಹಿಡಿಗೋಲೇ ಸರಿ. ಅದರಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ, ಬೇಡವಾದಾಗ ಮೇಲಕ್ಕೆ ಮಡಚಿದರೆ ಕೂರಲು ಜಾಗವಾಗುತ್ತದೆ, ಹಾಯಿ ಹೆಚ್ಚಾಗಿ ದೋಣಿ ಗಾಳಿಯತ್ತ ತಿರುಗಲು ಎಳೆಯುತ್ತಿದ್ದರೆ ಅದು ಅಂಗೈಗೇ ತಿಳಿಯುತ್ತದೆ. ಕಾರು ಓಡಿಸಿ ಅಭ್ಯಾಸವಾದವರಿಗೆ, ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುವುದು ಮೊದಲ ದಿನ ಗಲಿಬಿಲಿ ಮಾಡುತ್ತದೆ. ಎರಡನೆಯ ದಿನದ ಹೊತ್ತಿಗೆ ಕೈ ತಾನಾಗಿ ಹೊಂದಿಕೊಂಡಿರುತ್ತದೆ.